ಎಣಿಸಬಾರದ ಮರಿಗಳು

ಮಾರ್ಗಶಿರದ ಇಬ್ಬನಿ ಎಲೆಯ ಮೇಲಿಂದ ಆರುವ ತನಕ ಸೊಪ್ಪು ಕುಯ್ಯುವ ಹಾಗಿಲ್ಲ. ಬಿಸಿಲು ಚುರುಕಾದ ಮೇಲೆ ಕುಯ್ದರೆ ಬಾಡಿಹೋಗುತ್ತದೆ. ನಡುವೆ ಸಿಗುವ ಒಂದಿಷ್ಟು ಹೊತ್ತಿನಲ್ಲೇ ಮೇವೆಲ್ಲ ತೋಟದಿಂದ ಮನೆ ಸೇರಬೇಕು. ಕುಸುಮ ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೆಯ ತುಂಬುದೋಳಿನ ಅಂಗಿ ತೊಟ್ಟು, ಹಿಪ್ಪುನೇರಳೆ ಸಾಲಿನಲ್ಲಿ ಬಗ್ಗಿ ಕಡ್ಡಿಸೊಪ್ಪು ಕುಯ್ಯುತ್ತಿದ್ದಳು. ಗಂಡ ಕೆಂಪರಾಜು ಹಿಂದಿನಿಂದ ಹೊರೆ ಕಟ್ಟಿ ಬೈಕಿಗೆ ಏರಿಸುತ್ತಿದ್ದ. ಆಚೆ ಬಯಲಿನಲ್ಲಿ ಕಬ್ಬು ಕಡಿಯುವವರ ಮಾತು ಕೇಳುತ್ತಿತ್ತು. ಬದುವಿನ ಉದ್ದಕ್ಕೂ ಅವರೆಯ ಸೊಗಡು.

ಹೊಂಗೆಕೊಪ್ಪಲು ಚಿಕ್ಕರಸಿನಕೆರೆಯಿಂದ ಒಳದಾರಿಯಲ್ಲಿ ಸಿಗುವ ಸಣ್ಣ ಊರು. ನಾಲೆ ನೀರು ಹತ್ತುವ ಕಡೆಯವರು ಕಬ್ಬು, ಭತ್ತ ಇಡುತ್ತಾರೆ; ಕುಸುಮನ ಮನೆಯಂಥವರು ರಾಗಿ ಬೆಳೆದುಕೊಂಡು ರೇಷ್ಮೆ ಹುಳ ನಂಬಿರುವವರು. ಮನೆಯ ಪಕ್ಕದ ಹುಳದ ಮನೆಯಲ್ಲಿ ಆಗ ಹುಳ ಮೂರನೇ ಜ್ವರ ದಾಟಿದ್ದವು. ಪೊರೆ ಕಳಚುವ ಹೊತ್ತಿಗೆ ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೆ ಈ ಕಡೆಯವರು ಜ್ವರ ಅನ್ನುತ್ತಾರೆ. ಜ್ವರ ಬಿಟ್ಟು ಎದ್ದ ಹುಳಕ್ಕೆ ಹಸಿವು ಜಾಸ್ತಿ. ಸೊಪ್ಪು ತಡವಾಗಬಾರದು.

ಕೈ ಕುಡುಗೋಲಿನಲ್ಲಿದ್ದರೂ ಕುಸುಮನ ಮನಸ್ಸು ಶಾಲೆಯ ಜಗಲಿಯಲ್ಲಿತ್ತು. ಹಿಂದಿನ ದಿನ ರವಿಚಂದ್ರ ಮೇಷ್ಟ್ರು ಕರೆದು ಹೇಳಿದ್ದು ಇನ್ನೂ ಕಿವಿಯಲ್ಲೇ ಇತ್ತು.

ದೀಪಾವಳಿ ಕಳೆದಾಗಿನಿಂದ ನಾಗಶ್ರೀ ಎಂಬ ಹುಡುಗಿ ಸ್ಕೂಟರಿನಲ್ಲಿ ಊರಿಗೆ ಬಂದು ಹೋಗುತ್ತಿದ್ದಳು. ಹನಕೆರೆಯವಳು, ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮಕ್ಕಳ ತಲೆಯೊಳಗೆ ಲೆಕ್ಕ ಹೇಗೆ ಹುಟ್ಟುತ್ತದೆ ಅಂತ ನೋಡುವುದು ಅವಳ ಕೆಲಸ. ಹುಟ್ಟಿದ ಕೂಸಿಗೆ ಎಣಿಸಲು ಬರುವುದಿಲ್ಲ, ಆರು ವರ್ಷದ ಹೊತ್ತಿಗೆ ಬರುತ್ತದೆ, ನಡುವೆ ಏನಾಗುತ್ತದೆ ಅನ್ನುವುದೇ ಪ್ರಶ್ನೆ ಅಂತ ಅರಳಿಕಟ್ಟೆಯಲ್ಲಿ ಒಮ್ಮೆ ಬಿಡಿಸಿ ಹೇಳಿದ್ದಳು. "ಏನಾಯ್ತದೆ, ನಡುವೆ ಮೇಷ್ಟ್ರು ಒಡೀತಾರೆ," ಅಂದಿದ್ದ ಕೆಂಪರಾಜು. ಕಟ್ಟೆಯೆಲ್ಲ ನಕ್ಕಿತ್ತು, ನಾಗಶ್ರೀಯೂ ನಕ್ಕಿದ್ದಳು.

ಅವಳ ಚೀಲದಲ್ಲಿ ಬಣ್ಣದ ಕಾರ್ಡುಗಳಿದ್ದವು. ಒಂದರಲ್ಲಿ ಕೋಳಿ ಮರಿಗಳು, ಇನ್ನೊಂದರಲ್ಲಿ ಕರುಗಳು, ಮತ್ತೊಂದರಲ್ಲಿ ಬಾತು. ಅಂಗನವಾಡಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎಷ್ಟು ಮರಿ ಇವೆ, ಯಾವುದರಲ್ಲಿ ಹೆಚ್ಚಿವೆ ಅಂತ ಕೇಳುತ್ತಿದ್ದಳು. ಮಕ್ಕಳಿಗೆ ಪ್ರಾಣಿ ಇಷ್ಟ ಅಂತಲೇ ಆ ಚಿತ್ರಗಳನ್ನು ಆರಿಸಿದ್ದಳು. ಸುಮಾರು ಮಕ್ಕಳು ಹೇಳಿದವು. ಒಬ್ಬ ಹುಡುಗ ಯಾವ ಕಾರ್ಡು ತೋರಿಸಿದರೂ "ಬೇಕಾದಂಗವೆ" ಅನ್ನುತ್ತಿದ್ದ. ಕುಸುಮನ ಮಗಳು ಚೈತನ್ಯಾ ಮಾತ್ರ ಬಾಯಿಯೇ ಬಿಡಲಿಲ್ಲ. ಬಾಯಿ ಬಿಡದಿದ್ದುದಷ್ಟೇ ಅಲ್ಲ, ಎರಡೂ ಅಂಗೈ ಹರಡಿ ಕಾರ್ಡನ್ನೇ ಮುಚ್ಚಿಬಿಡುತ್ತಿದ್ದಳು.

ನಮ್ಮೂರ ಮಕ್ಕಳು ಹೇಗೆ ಅಂತ ಮೇಷ್ಟ್ರು ಕೇಳಿದಾಗ ನಾಗಶ್ರೀ ಯಾರ ಹೆಸರನ್ನೂ ಹೇಳಿರಲಿಲ್ಲ. ಒಂದು ಮಗು ಮಾತ್ರ ಒಂದಕ್ಕೂ ಉತ್ತರ ಕೊಡಲಿಲ್ಲ ಅಂದಿದ್ದಳು, ಅಷ್ಟೆ. ಸಣ್ಣ ಊರು, ಯಾವ ಮಗು ಅಂತ ತಿಳಿಯಲು ಮೇಷ್ಟ್ರಿಗೆ ಹೊತ್ತು ಹಿಡಿಯಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ಮಗು ಇಪ್ಪತ್ತರ ತನಕ ಒಪ್ಪಿಸುವುದು ತಮಗೂ ಗೊತ್ತು ಅಂದರು. ಆದರೆ ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಗಿಳಿಗೂ ಒಪ್ಪಿಸಲು ಬರುತ್ತದೆ. ಜೂನಿಗೆ ಒಂದನೇ ತರಗತಿಗೆ ಹಾಕಿದರೆ ಹಿಂದೆ ಬೀಳುತ್ತಾಳೆ, ಆಮೇಲೆ ಎತ್ತುವುದು ಕಷ್ಟ. ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ, ನಡುವೆ ಒಮ್ಮೆ ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿ ಅಂದರು. ಕುಸುಮ ತಲೆ ಆಡಿಸಿ ಬಂದಿದ್ದಳು.

ಈ ಮಾತು ಅವಳಿಗೆ ಹೊಸದಲ್ಲ. ಮಳವಳ್ಳಿ ಕಡೆಯ ಅವಳ ತವರೂರಿನಲ್ಲಿ, ಅವಳು ಮೂರನೇ ತರಗತಿಯಲ್ಲಿದ್ದಾಗ, ಅಲ್ಲಿನ ಮೇಷ್ಟ್ರು ಅವಳ ಅಪ್ಪನ ಹತ್ತಿರ ಇದೇ ಮಾತು ಇನ್ನೂ ಒರಟಾಗಿ ಆಡಿದ್ದರು. ಇವಳ ತಲೆಗೆ ಹತ್ತುವುದಿಲ್ಲ ಅಂದಿದ್ದರು. ಅಪ್ಪ ಬಿಡಿಸಿ ಹುಳದ ಮನೆಗೆ ಹಾಕಿದ. ಈಗಲೂ ಮಳವಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ತನ್ನ ತಲೆಯೇ ಮಗಳಿಗೂ ಬಂತೇ ಅನ್ನುವುದು ಅವಳಿಗೆ ಹತ್ತಿಕೊಂಡ ಭಯ. ಅದನ್ನು ಯಾರ ಮುಂದೆ ಆಡುವುದು? ಗಂಡನಿಗೆ ಹೇಳಿದರೆ ನಕ್ಕು ತೇಲಿಸಿಬಿಡುತ್ತಾನೆ. ಮೇಷ್ಟ್ರ ಮಾತನ್ನಷ್ಟೇ ಹೇಳಿದಳು, ಹಾಗೇ ಆಯಿತು. "ಬುಡು ಅತ್ಲಾಗಿ. ಅವಳು ನಮ್ಮಪ್ಪನಂಗೆ. ನಮ್ಮಪ್ಪನೂ ಮಾತಾಡ್ತಿರ್ನಿಲ್ಲ, ಊರೇ ಅವನ ಮಾತು ಕೇಳ್ತಿತ್ತು," ಅಂದ ಕೆಂಪರಾಜು, ಹೊರೆ ಬಿಗಿಯುತ್ತಾ.

ಅವತ್ತು ಸಂಜೆ ಕುಸುಮ ಅಂಗನವಾಡಿಯ ಕಾಮಾಕ್ಷಮ್ಮನ ಮೊಬೈಲಿನಿಂದ ಆ ಕಾರ್ಡುಗಳ ಫೋಟೋ ಹಾಕಿಸಿಕೊಂಡಳು. ಮಗಳನ್ನು ಮುಂದೆ ಕೂರಿಸಿಕೊಂಡು, ಮರಿ ಎಷ್ಟು ಹೇಳು ಅಂತ ಕೇಳಿದಳು. ಚೈತನ್ಯಾ ಫೋನಿನ ಮೇಲೆ ಕೈ ಇಟ್ಟಳು. ಕೈ ತೆಗೆಸಿ ಮತ್ತೆ ಕೇಳಿದಳು. ಮುದ್ದು ಮಾಡಿ ಕೇಳಿದಳು, ಬಾಳೆಹಣ್ಣು ತೋರಿಸಿ ಕೇಳಿದಳು. ಕೊನೆಗೆ ಕೈ ಎತ್ತಿ ಒಂದು ಬಿಟ್ಟಳು. ಮಗು ಅಳಲಿಲ್ಲ. ತುಟಿ ಇನ್ನೂ ಬಿಗಿಯಾಯಿತು.

ಅತ್ತೆ ಬೆಳ್ಳಮ್ಮ ಒಳಗಿನಿಂದ ಬಂದು ಮೊಮ್ಮಗಳ ಕೈ ಹಿಡಿದಳು. "ಜ್ವರಕ್ಕೆ ಕುಂತಿರೋ ಹುಳನ ಮೇವು ತಿನ್ನು ಅಂತ ತಿವಿದ್ರೆ ತಿಂದಾವಾ? ಎದ್ದಾಗ ಅವೇ ತಿಂತವೆ. ಬುಡು ಮಗೀನ," ಅಂದು ಕರೆದುಕೊಂಡು ಹೋದಳು. ಮಾತು ಹಿತವಾಗಿತ್ತು. ಆದರೆ ಕುಸುಮನಿಗೆ ನಂಬಿಕೆ ಹುಟ್ಟಲಿಲ್ಲ. ಜ್ವರಕ್ಕೆ ಕೂತು ಏಳದೇ ಇರುವ ಹುಳಗಳೂ ಇರುತ್ತವಲ್ಲ.

ಎರಡು ದಿನ ಕಳೆದ ಮೇಲೆ ನಾಗಶ್ರೀಯೇ ಮನೆಗೆ ಬಂದಳು. ತಾನು ಆಡಿದ ಒಂದು ಮಾತಿನಿಂದ ಮೇಷ್ಟ್ರು ಇಷ್ಟು ದೂರ ಹೋಗಿದ್ದು ಅವಳಿಗೆ ಆಗಷ್ಟೇ ಗೊತ್ತಾಗಿತ್ತು. ಆ ಕಾರ್ಡಿನಿಂದ ಯಾವ ಮಗುವನ್ನೂ ಜಾಣ, ದಡ್ಡ ಅಂತ ಅಳೆಯುವುದಿಲ್ಲ, ಹಾಗೆ ಅಳೆಯುವುದು ತಪ್ಪು ಅಂತ ಮೇಷ್ಟ್ರಿಗೂ ಹೇಳಿ ಬಂದಿದ್ದಳು. ನಿಮಗೆ ಒಪ್ಪಿಗೆ ಇದ್ದರೆ ಮಗುವನ್ನು ಮನೆಯಲ್ಲೇ ಒಂದು ಸಲ ನೋಡುತ್ತೇನೆ ಅಂದಳು. ಹುಳ ಇರುವ ಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳುವುದು ಕಡಿಮೆ. ಕುಸುಮ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಬಾಗಿಲ ಪಕ್ಕದ ಬಕೆಟ್ಟು ತೋರಿಸಿದಳು. ಹೇಳದೆಯೇ ನಾಗಶ್ರೀ ಚಪ್ಪಲಿ ದೂರ ಬಿಟ್ಟು ಕೈಕಾಲು ತೊಳೆದು ಬಂದು ಅಂಗಳದಲ್ಲಿ ಕೂತಳು.

ಅಂಗಳದಲ್ಲಿ ಹೊಸ ರಾಗಿ ರಾಶಿ ಇತ್ತು. ಬೆಳ್ಳಮ್ಮ ಸೇರಿನಲ್ಲಿ ಅಳೆದು, ಕೆಂಪರಾಜು ಹಿಡಿದಿದ್ದ ಚೀಲಕ್ಕೆ ಹಾಕುತ್ತಿದ್ದಳು. ಚೈತನ್ಯಾ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಎಣಿಕೆ ಹೇಳುತ್ತಿದ್ದಳು.

"ಲಾಭ. ಎರಡು. ಮೂರು. ನಾಕು."

ನಾಗಶ್ರೀ ಚೀಲದ ಜಿಪ್ಪಿಗೆ ಹಾಕಿದ ಕೈ ಅಲ್ಲೇ ನಿಲ್ಲಿಸಿದಳು. ರಾಶಿಯ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುವುದು. ಹನಕೆರೆಯಲ್ಲಿ ಅವಳ ತಾತನೂ ಹಾಗೇ ಎಣಿಸುತ್ತಿದ್ದ. ತಾತ ಹೋಗಿ ಎಷ್ಟೋ ವರ್ಷವಾಗಿ, ಕಣವೂ ಹೋಗಿ, ಆ ಮಾತು ಅವಳ ತಲೆಯಿಂದಲೇ ಹೋಗಿತ್ತು. ಇಪ್ಪತ್ತಾದ ಕೂಡಲೇ ಹುಡುಗಿ ಒಂದು ಚಿಟಿಕೆ ರಾಗಿ ತೆಗೆದು ಪಕ್ಕದಲ್ಲಿ ಸಣ್ಣ ಗುಪ್ಪೆ ಇಟ್ಟಳು. ಮತ್ತೆ ಲಾಭದಿಂದ ಶುರು. ನಡುವೆ ಬೆಳ್ಳಮ್ಮ ಬೇಕಂತಲೇ ಒಂದು ಸಂಖ್ಯೆ ಹಾರಿಸಿ ಹೇಳಿದರೆ, ಹುಡುಗಿ ಅಜ್ಜಿಯ ಕೈಗೆ ಒಂದು ಏಟು ಹಾಕುತ್ತಿದ್ದಳು. ಅಳತೆ ನಿಂತಾಗ ನಾಗಶ್ರೀ ಎಷ್ಟಾಯಿತು ಪುಟ್ಟಾ ಅಂದಳು.

"ಮೂರು ಗುಪ್ಪೆ, ಮ್ಯಾಕೆ ನಾಕು," ಅಂದಳು ಚೈತನ್ಯಾ, ಅಷ್ಟೂ ಗೊತ್ತಾಗುವುದಿಲ್ಲವೇ ಅನ್ನುವಂತೆ.

ಕುಸುಮ ಹೊಸ್ತಿಲಲ್ಲಿ ನಿಂತಿದ್ದಳು. ಇದನ್ನು ಅವಳು ದಿನಾ ನೋಡಿದ್ದಳು. ಅಜ್ಜಿ ಮೊಮ್ಮಗಳ ಆಟ ಅಂದುಕೊಂಡಿದ್ದಳೇ ಹೊರತು, ಮೇಷ್ಟ್ರು ಹೇಳುವ ಎಣಿಕೆ ಇದೇ ಅಂತ ಅವಳಿಗೆ ಹೊಳೆದಿರಲಿಲ್ಲ.

ನಾಗಶ್ರೀ ಚೀಲದಿಂದ ಕಾರ್ಡು ತೆಗೆದು ಇಟ್ಟಳು, ಕೋಳಿ ಮರಿಯದು. ಹುಡುಗಿಯ ಮುಖ ಬಿಗಿಯಿತು. ಎರಡೂ ಅಂಗೈ ಬಂದು ಮರಿಗಳ ಮೇಲೆ ಕೂತವು. ಇಷ್ಟು ದಿನ ಎಲ್ಲರೂ ಎಷ್ಟು ಎಷ್ಟು ಅಂತಲೇ ಕೇಳಿದ್ದರು. ನಾಗಶ್ರೀ ಈ ಸಲ ಅದನ್ನು ಕೇಳಲಿಲ್ಲ.

"ಯಾಕೆ ಪುಟ್ಟಾ ಮುಚ್ಕೊಂಡೆ?"

ಚೈತನ್ಯಾ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಎದ್ದು ಹೋಗಿ ಅಮ್ಮನ ಸೆರಗು ಎಳೆದು, ಕಿವಿಗೆ ಬಾಯಿ ಇಟ್ಟಳು.

"ನಾನು ಎಣಿಸುದ್ರೆ ಸತ್ತೋಯ್ತವೆ."

ಯಾವುದು ಅಂತ ಕುಸುಮ ಕೇಳಿದಳು. ಹುಳ ಸತ್ತುಹೋದವಲ್ಲ, ಅವು, ಅಂದಳು ಮಗು. ಬಿಡಿ ಬಿಡಿಯಾಗಿ ಹೊರಗೆ ಬಂತು. ಗೌರಿ ಹಬ್ಬದ ಸುಮಾರಿಗೆ ಹುಳದ ಮನೆಯಲ್ಲಿ ಒಂದು ಕಡ್ಡಿಯ ಮೇಲಿದ್ದ ಹುಳಗಳನ್ನು ಅವಳು ಗಟ್ಟಿಯಾಗಿ ಎಣಿಸಿದ್ದಳು. ಅಜ್ಜಿ ಗದರಿಸಿ, ಜೀವ ಇರುವುದನ್ನು ಎಣಿಸಬಾರದು, ದೃಷ್ಟಿ ಆಗುತ್ತದೆ ಅಂದಿದ್ದಳು. ಆಮೇಲೆ ಸ್ವಲ್ಪ ದಿನಕ್ಕೇ ಹುಳಕ್ಕೆ ಸಪ್ಪೆರೋಗ ಬಂದು, ಮೆತ್ತಗಾಗಿ, ನಾರಿ, ಇಡೀ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ್ದರು. ಚೈತನ್ಯಾ ಗುಂಡಿಯ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಬೈದಿರಲಿಲ್ಲ. ಯಾರಿಗೂ ನೆನಪೇ ಇರಲಿಲ್ಲ. ಎರಡನ್ನೂ ಅವಳೇ ಸೇರಿಸಿಕೊಂಡು, ಮೂರು ತಿಂಗಳಿಂದ ಹೊತ್ತುಕೊಂಡು ತಿರುಗಿದ್ದಳು. ಬಣ್ಣದ ಮರಿಗಳನ್ನೂ ಕಾಪಾಡಿದ್ದಳು.

ಕುಸುಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಮಗಳ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ತಾನು ಹೊಡೆದ ಕೆನ್ನೆಯನ್ನು ಸವರಿದಳು.

ಬೆಳ್ಳಮ್ಮ ಸೇರು ಕೆಳಗಿಟ್ಟಳು. ಆ ಮಾತು ಅವಳು ಕಟ್ಟಿದ್ದಲ್ಲ. ಅವಳ ಅತ್ತೆ ಅವಳಿಗೆ ಹೇಳಿದ್ದು. ಅವಳೂ ಕುರಿ, ಕೋಳಿ, ಕರು, ಹುಳ, ಮಕ್ಕಳು ಯಾವುದನ್ನೂ ಇಷ್ಟು ಅಂತ ಬಾಯಿಬಿಟ್ಟು ಹೇಳದೆ ಬದುಕು ಕಳೆದಿದ್ದಳು. ಯಾರಾದರೂ ಕೇಳಿದರೆ ಬೇಕಾದ ಹಾಗಿವೆ ಅನ್ನುವುದು. ಆ ಇನ್ನೊಬ್ಬ ಹುಡುಗ ಏನು ಹೇಳುತ್ತಿದ್ದ ಅಂತ ನಾಗಶ್ರೀಗೆ ಆಗ ಅರ್ಥವಾಯಿತು. ಅವನ ಹೆಸರಿನ ಮುಂದೆ ತಾನು ಹಾಕಿದ್ದ ತಪ್ಪು ಗುರುತುಗಳೂ ನೆನಪಾದವು.

"ಲೇ ಕೆಂಪ," ಅಂದಳು ಬೆಳ್ಳಮ್ಮ, ಮಗನ ಕಡೆ ತಿರುಗಿ. "ಹುಳ ಯಾಕ್ ಸತ್ತೋದ್ವು ಅಂತ ನೀನೇ ಏಳ್ಲಾ ಮಗೀಗೆ."

ಆ ಬೆಳೆ ಹೋದಾಗಿನಿಂದ ಕೆಂಪರಾಜು ಹುಳದ ಮೊಟ್ಟೆ ಕೊಟ್ಟವನನ್ನೇ ಊರ ತುಂಬ ಬೈದುಕೊಂಡು ತಿರುಗಿದ್ದ. ಈಗ ಬಂದು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನೋಡು ಚೈತು. ಅವತ್ತು ಮಳೆ ಉಯ್ತಿತ್ತು. ಸೊಪ್ಪು ಒದ್ದೆಯಾಗಿತ್ತು. ಆರಾಕಿ ಕೊಡು ಅಂತ ನಿಮ್ಮವ್ವ ಬಡ್ಕಂಡ್ಲು. ನಾನು ಅಂಗೇ ಆಕ್ಬುಟ್ಟೆ. ಒದ್ದೆ ಸೊಪ್ಪು ತಿಂದು ಒಟ್ಟೆ ಕೆಟ್ಟು ಸತ್ತವು. ನಿನ್ನ ಬಾಯಿಂದಲ್ಲ ಕಣವ್ವ, ನನ್ನ ಕೈಯಿಂದ."

"ಮೊಟ್ಟೆ ಕೆಟ್ಟಿತ್ತು ಅಂತಿದ್ದೆ?" ಅಂದಳು ಬೆಳ್ಳಮ್ಮ.

"ಅದೂ ಒಸಿ ಕೆಟ್ಟಿತ್ತು ಅನ್ಕೊ."

ಕುಸುಮನಿಗೂ ನಗು ಬಂತು. ಚೈತನ್ಯಾ ನಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು.

"ಒದ್ದೆ ಸೊಪ್ಪು ಆಕ್ದೆ, ಬರೀ ಎಣಿಸುದ್ರೆ?" ಅಂದಳು.

ಎರಡು ಕಾರಣ ಒಟ್ಟಿಗೆ ಇದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಇಟ್ಟು ನೋಡಬೇಕು ಅನ್ನುವುದನ್ನು ನಾಗಶ್ರೀ ಕಾಲೇಜಿನಲ್ಲಿ ಕಲಿತಿದ್ದಳು. ಆರು ತುಂಬದ ಹುಡುಗಿ ಅದನ್ನೇ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ಇವಳ ತಲೆಗೆ ಏನೂ ಹತ್ತಿಲ್ಲ ಅಂದವರು ಯಾರು?

ಆದರೆ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಸಿಗುವಂಥದ್ದಲ್ಲ. ಅದು ಎಲ್ಲರಿಗೂ ಹೊಳೆಯಿತು. ಉತ್ತರ ಹುಳದ ಮನೆಯಲ್ಲಿತ್ತು, ಮಗು ಹುಳಗಳನ್ನು ಮತ್ತೆ ಎಣಿಸಿಯೇ ನೋಡಬೇಕು. ಬೆಳ್ಳಮ್ಮ ಬೇಡ ಅಂದಳು. ಒಂದು ಬೆಳೆ ಹೋಗಿದೆ, ಇನ್ನೊಂದನ್ನು ಪಣಕ್ಕಿಡುವುದು ಬೇಡ. ನಾಗಶ್ರೀಯೂ ಕುಸುಮನನ್ನು ಪಕ್ಕಕ್ಕೆ ಕರೆದು ಬೇಡ ಅಂದಳು, ಬೇರೆ ಕಾರಣಕ್ಕೆ. ಹುಳ ನೂರು ಕಾರಣಕ್ಕೆ ಸಾಯುತ್ತದೆ. ಎಣಿಸಿದ ಮೇಲೆ ಏನಾದರೂ ಆದರೆ ಈ ಮಗು ಜನ್ಮದಲ್ಲಿ ಮತ್ತೆ ಎಣಿಸುವುದಿಲ್ಲ. ತಾನು ಕಲ್ಲು, ಬಳೆ, ಅಂಗಿಯ ಗುಂಡಿ ಇಟ್ಟು ಎಣಿಕೆ ಮಾಡಿಸಿ ನೋಡುತ್ತೇನೆ, ಮೇಷ್ಟ್ರಿಗೆ ಅಷ್ಟು ಸಾಕು ಅಂದಳು.

ಕುಸುಮ ಮಗಳ ಕಡೆ ನೋಡಿದಳು. ಮೇಷ್ಟ್ರಿಗೆ ಸಾಕು. ಮಗಳಿಗೆ?

"ಮಗು ಎಣಿಸ್ಲಿ," ಅಂದಳು. "ಹುಳ ನಾನು ನೋಡ್ಕತೀನಿ."

ಮದುವೆಯಾಗಿ ಬಂದ ಮೇಲೆ ಅತ್ತೆಯ ಮಾತಿನ ಎದುರಿಗೆ ಅವಳು ಇಟ್ಟ ಮೊದಲ ಮಾತು ಅದು. ಬೆಳ್ಳಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುವಳು ಅಂತ ಕೆಂಪರಾಜು ಕಾಯುತ್ತಿದ್ದ. ಅವಳು ಎದ್ದು, ಅಟ್ಟದ ಮೇಲಿದ್ದ ಹಳೆಯ ಬಿದಿರು ತಟ್ಟೆ ಇಳಿಸಿ, ಧೂಳು ಕೊಡವಿ, ಬಿಸಿಲಿಗೆ ಒರಗಿಸಿದಳು.

ಎಣಿಸಿದ ಹುಳ ಬೇರೆ, ಎಣಿಸದವು ಬೇರೆ ಇರಬೇಕು ಅಂದವಳು ಚೈತನ್ಯಾನೇ. ಕುಸುಮ ಒಂದೊಂದೇ ಹುಳ ಎತ್ತಿ ತಟ್ಟೆಗೆ ಬಿಟ್ಟಳು. ಮಗು ಮೊದಮೊದಲು ಪಿಸುಮಾತಿನಲ್ಲಿ, ಆಮೇಲೆ ಗಟ್ಟಿಯಾಗಿ, ಲಾಭದಿಂದ ಶುರುಮಾಡಿ ಇಪ್ಪತ್ತಮೂರರ ತನಕ ಎಣಿಸಿತು. ಅವಳು ಹೊರಗೆ ಬಂದ ಮೇಲೆ ಬೆಳ್ಳಮ್ಮ ಒಲೆಯ ಹತ್ತಿರ ಕರೆದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಹುಳದ ಮನೆಗೆ ಹೊಗೆ ಆಗದು ಅಂತ ಬಾಗಿಲು ಎಳೆದುಕೊಂಡೇ ಹಾಕಿದಳು. ಎಣಿಸುವುದು ಎಣಿಸಲಿ, ಇದೂ ಒಂದು ಇರಲಿ ಅಂದಳು.

ಆ ಬೆಳೆಯನ್ನು ಕುಸುಮ ನೋಡಿಕೊಂಡ ಹಾಗೆ ಹಿಂದೆ ಯಾವುದನ್ನೂ ನೋಡಿಕೊಂಡಿರಲಿಲ್ಲ. ಎಲೆಯನ್ನು ಕೆನ್ನೆಗೆ ಒತ್ತಿ ತಂಪು ಹತ್ತಿದರೆ ಪಕ್ಕಕ್ಕೆ ಹರಡುತ್ತಿದ್ದಳು. ಹುಳದ ಕೆಳಗಿನ ಸೊಪ್ಪಿನ ಹಾಸಿಗೆ ಒಣಗಿಸಿ ಸುಣ್ಣ ಉದುರಿಸುತ್ತಿದ್ದಳು. ಕೆಂಪರಾಜು ಒಳಗೆ ಬಂದರೆ ಎರಡು ಸಲ ಕೈ ತೊಳೆಸುತ್ತಿದ್ದಳು. "ಇನ್ನು ಒಸಿ ತೊಳುದ್ರೆ ನನ್ನ ಕೈಯೂ ಪೊರೆ ಬುಡ್ತದೆ," ಅಂತ ಅವನು ಗೊಣಗುತ್ತಿದ್ದ.

ನಾಲ್ಕನೇ ಜ್ವರದಲ್ಲಿ ತಟ್ಟೆಯ ಹುಳವೊಂದು ಏಳಲಿಲ್ಲ. ಬೆಳಗ್ಗೆ ಕುಸುಮ ನೋಡುವ ಮೊದಲೇ ಚೈತನ್ಯಾ ನೋಡಿದ್ದಳು. ಅಳದೆ, ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಎಸೆದು ಮುಚ್ಚಿಹಾಕೋಣ ಅನ್ನಿಸಿತು ಕುಸುಮನಿಗೆ ಒಂದು ಕ್ಷಣ. ಆಮೇಲೆ ಮಗಳನ್ನು ಎತ್ತಿಕೊಂಡು, ಹುಳ ಬಿಟ್ಟಿದ್ದ ಸ್ಟ್ಯಾಂಡಿನ ಉದ್ದಕ್ಕೂ ನಡೆದಳು. ಎಣಿಸದ ಹುಳಗಳ ನಡುವೆಯೂ ಅಲ್ಲೊಂದು ಇಲ್ಲೊಂದು ಏಳದೆ ಬಿದ್ದಿದ್ದವು. ಪ್ರತಿ ಬೆಳೆಯಲ್ಲೂ ಬೀಳುವ ಹಾಗೆ.

"ಇವುನ್ನ ಯಾರು ಎಣಿಸಿದ್ರು?" ಅಂದಳು ಕುಸುಮ.

ಚೈತನ್ಯಾ ಬಗ್ಗಿ ಬಗ್ಗಿ ನೋಡಿದಳು. ಮೇಲಿನ ಅಂತಸ್ತಿನಲ್ಲೂ ತೋರಿಸು ಅಂದಳು, ಅಲ್ಲೂ ನೋಡಿದಳು. ಯಾರೂ ಎಣಿಸಿಲ್ಲ ಅಂದಳು. ಕೊನೆಗೆ ತಟ್ಟೆಯ ಹತ್ತಿರ ಬಂದು, ಸತ್ತ ಹುಳವನ್ನು ಕಡ್ಡಿಯಿಂದ ಎತ್ತಿ ಹೊರಗೆ ಹಾಕಿ, ಉಳಿದವನ್ನು ಯಾರೂ ಹೇಳದೆಯೇ ಮತ್ತೆ ಎಣಿಸತೊಡಗಿದಳು. ಕುಸುಮ ಬಾಗಿಲಿಗೆ ಒರಗಿ, ಎಣಿಕೆ ಮುಗಿಯುವ ತನಕ ಕಣ್ಣು ಒರೆಸಿಕೊಳ್ಳುತ್ತಾ ನಿಂತಳು.

ಹುಳ ಮೇವು ಬಿಟ್ಟು ಹಣ್ಣಾದವು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಗೂಡು ಬಿಡಿಸುವ ದಿನ ನಾಗಶ್ರೀಯೂ ಬಂದು ಒಂದು ಮೂಲೆಯಲ್ಲಿ ಕೂತು ಬಿಡಿಸಿದಳು. ಗೂಡು ಗಟ್ಟಿಯಾಗಿ, ಬೆರಳಿಗೆ ಕಟಕಟ ಅನ್ನುವ ಹಾಗಿದ್ದವು. ಚೈತನ್ಯಾ ತನ್ನ ತಟ್ಟೆಯವನ್ನು ಬೇರೆ ಮೊರದಲ್ಲಿ ಹರಡಿಕೊಂಡು ಕೂತಿದ್ದಳು. ನಾಗಶ್ರೀ ಏನೂ ಹೇಳದೆ ಕೋಳಿ ಮರಿಯ ಕಾರ್ಡನ್ನು ಮೊರದ ಪಕ್ಕ ಇಟ್ಟಳು.

"ಏಳು," ಅಂದಳು ಹುಡುಗಿ, ಗೂಡಿನಿಂದ ಕಣ್ಣೆತ್ತದೆ. ಆಮೇಲೆ ನೆನಪಾದವಳಂತೆ ಕಣ್ಣೆತ್ತಿ, "ಆಚೆ ಕಾರ್ಡಲ್ಲಿ ಒಂಬತ್ತವೆ. ನಂಗೆ ಅವತ್ತೇ ಗೊತ್ತಿತ್ತು," ಅಂದಳು.

ರವಿಚಂದ್ರ ಮೇಷ್ಟ್ರು ವಿಷಯ ಕೇಳಿ ತಾವೇ ಮನೆಗೆ ಬಂದರು. ಜೂನಿಗೆ ಕಳಿಸಿ ಅಂದರು. ಬೆಳ್ಳಮ್ಮನ ಹತ್ತಿರ ಕೂತು ಗುಪ್ಪೆ ಇಟ್ಟು ಅಳೆಯುವುದನ್ನು 'ಲಾಭ'ದಿಂದ ಕೇಳಿಕೊಂಡು, ತರಗತಿಯಲ್ಲಿ ಹುಣಸೆಬೀಜ ಇಟ್ಟು ಹಾಗೇ ಮಾಡಿಸುತ್ತೇನೆ ಅಂದರು. ನಾಗಶ್ರೀ ಬಣ್ಣದ ಕಾರ್ಡುಗಳನ್ನು ಎತ್ತಿಟ್ಟು, ಗುಂಡಿ, ಬಳೆಚೂರು, ಕಾಳುಗಳನ್ನು ತಂದು ಆ ಊರಿನ ಎಲ್ಲ ಮಕ್ಕಳನ್ನೂ ಮತ್ತೆ ಮೊದಲಿಂದ ಕೂರಿಸಿಕೊಂಡಳು. ಬೇಕಾದಂಗವೆ ಅನ್ನುತ್ತಿದ್ದ ಹುಡುಗ ಎಲ್ಲರಿಗಿಂತ ಬೇಗ ಹೇಳಿದ. ಮುಗಿಯಿತು ಅಂದುಕೊಂಡಿದ್ದ ಕೆಲಸ ಮತ್ತೆ ಅರ್ಧ ವರ್ಷ ಹಿಡಿಯಿತು. ಅದರ ಬಗ್ಗೆ ಅವಳು ಒಂದು ದಿನವೂ ಬೇಸರ ಪಟ್ಟುಕೊಂಡಿದ್ದನ್ನು ಕುಸುಮ ಕಾಣಲಿಲ್ಲ.

ಗೂಡು ಮಾರುಕಟ್ಟೆಗೆ ಹೋದ ದಿನ ಕುಸುಮ ಹಿದುಕಿದಬೇಳೆ ಸಾರು ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಬೇಡ ಬೇಡ ಅಂದರೂ ನಾಗಶ್ರೀಯ ಸ್ಕೂಟರಿಗೆ ನೇತುಹಾಕಿ ಕಳಿಸಿದ್ದಳು. ಚೈತನ್ಯಾನ ನಾಮಕರಣಕ್ಕೆ ತವರಿನವರು ಹೆಸರು ಕೊರೆಸಿ ಕೊಟ್ಟಿದ್ದ ಡಬ್ಬಿ ಅದು. ಬೇರೆಯವರಾದರೆ ಕೊಡುತ್ತಿರಲಿಲ್ಲ.

ಜೂನ್ ಬಂತು. ಶಾಲೆ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಚೈತನ್ಯಾ ಹೊಸ ಚೀಲ ಬೆನ್ನಿಗೆ ಹಾಕಿಕೊಂಡು, ಅಜ್ಜಿಯ ಬೆರಳು ಹಿಡಿದು ನಿಂತಿದ್ದಳು. ನಾಗಶ್ರೀ ಬೇಕಂತಲೇ ಆ ದಿನ ನೋಡಿಕೊಂಡು ಹನಕೆರೆಯಿಂದ ಬಂದಿದ್ದಳು. ಸಂಶೋಧನೆಯ ಪುಸ್ತಕ ಮುಗಿಯುತ್ತಾ ಬಂತು ಅಂದಳು. ಅದರ ಮೊದಲ ಪುಟದಲ್ಲಿ ಉಪಕಾರ ಮಾಡಿದವರ ಹೆಸರು ಬರೆಯುತ್ತಾರೆ. ಎಲ್ಲರಿಗಿಂತ ಮುಂಚೆ ಬರೆಯಬೇಕಾದದ್ದು ಚೈತುವಿನ ಹೆಸರು. ಆದರೆ ಮಕ್ಕಳ ಹೆಸರು ಹಾಕುವ ಹಾಗಿಲ್ಲ, ಅದು ನಿಯಮ. ಒಂದು ಮಗು ಅಂತ ಮಾತ್ರ ಬರೆದಿದ್ದೇನೆ ಅಂತ, ತಪ್ಪು ಮಾಡಿದವಳ ಹಾಗೆ ಹೇಳಿದಳು.

"ಒಳ್ಳೇದೇ ಆಯ್ತು ಕಣವ್ವ," ಅಂದಳು ಬೆಳ್ಳಮ್ಮ. "ಎಸ್ರು ಬರದು ಊರಿಗೆಲ್ಲ ತೋರ್ಸಬ್ಯಾಡ. ದೃಷ್ಟಿ ಆಯ್ತದೆ."

ನಾಗಶ್ರೀ ನಕ್ಕಳು. ಆಮೇಲೆ ಕುಸುಮನ ಕಡೆ ತಿರುಗಿ, "ಕುಸುಮಕ್ಕ, ನಿಮ್ಮ ಡಬ್ಬಿ ನಮ್ಮನೇಲೇ ಉಳ್ಕೊಂಡಿದೆ. ನಾನು ಓದೋ ಮೇಜಿನ ಮೇಲಿಟ್ಟಿದ್ದೀನಿ. ಬರಿ ಡಬ್ಬಿ ಕೊಡಬಾರದು ಅಂತಾರೆ ಅಮ್ಮ. ಏನು ತುಂಬಿ ತರೋದು ಅಂತ ನಂಗಿನ್ನೂ ಹೊಳೆದಿಲ್ಲ," ಅಂದಳು.

ಕುಸುಮನೂ ಇಷ್ಟು ದಿನ ಒಂದು ಮಾತು ಹುಡುಕುತ್ತಲೇ ಇದ್ದಳು. ಥ್ಯಾಂಕ್ಸು ಅನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ. ಬಂದರೂ ಅದರಿಂದ ತೀರುವಂಥದ್ದು ಅಲ್ಲ ಅಂತ ಅವಳಿಗೆ ಗೊತ್ತಿತ್ತು.

"ಇರ್ಲಿ ಬುಡಿ," ಅಂದಳು. "ಏನೂ ತುಂಬಬ್ಯಾಡಿ, ವಾಪಸ್ಸೂ ತರಬ್ಯಾಡಿ. ಅಲ್ಲೇ ಇರ್ಲಿ. ಡಬ್ಬಿ ಕೊಡಬೇಕಲ್ಲ ಅಂತ ಬತ್ತಾ ಇರ್ತೀರ."

ಗಂಟೆ ಹೊಡೆಯಿತು. ಚೈತನ್ಯಾ ಅಜ್ಜಿಯ ಬೆರಳು ಬಿಟ್ಟು ಸಾಲಿಗೆ ಸೇರಿಕೊಂಡಳು. ಮುಂದೆ ನಿಂತ ಮಕ್ಕಳ ತಲೆಗಳನ್ನು ಬೆರಳು ಮಾಡಿ ಎಣಿಸುತ್ತಿದ್ದಳು. ಬೆಳ್ಳಮ್ಮನ ಬಾಯಿ ತಡೆಯಲು ತೆರೆದದ್ದು, ಹಾಗೇ ಮುಚ್ಚಿಕೊಂಡಿತು. ಕುಸುಮ ಆಕಾಶ ನೋಡಿದಳು. ಮೋಡ ಕಟ್ಟುತ್ತಿತ್ತು. ಮಳೆ ಬೀಳುವ ಮೊದಲು ಸೊಪ್ಪು ಕುಯ್ದು ಒಳಗೆ ಹಾಕಬೇಕು ಅಂತ ಅವಳು ಬೇಗ ಬೇಗ ತೋಟದ ದಾರಿ ಹಿಡಿದಳು.